ಓದುಗರ ಓಲೆ: ಹಾಯಿದೋಣಿ ಹತ್ತುವ ಮುಂಚೆ

ಹೋದ ತಿಂಗಳ ಅಂಕಣದಲ್ಲಿ ಕೀನ್ಯಾದ ಲಾಮು ದ್ವೀಪದ ಮರದ ಹಾಯಿದೋಣಿಯ ಬಗ್ಗೆ ಬರೆದಿದ್ದೆ. ಮೊಂಬಾಸಾದಲ್ಲಿ ಕೆಲಸ ಮಾಡುವ ಮಗಳ ಮನೆಗೆ ಹೋದಾಗ ನಾನು ಮತ್ತು ನಮ್ಮ ಯಜಮಾನರು ಅಲ್ಲಿಗೂ ಹೋಗಿದ್ದೆವು. ಇಂಜಿನ್ ಇಲ್ಲದ ದೋಣಿ, ಅದನ್ನು ನಡೆಸುವ ತಂಡೇಲ, ಅವನ ಖಲಾಸಿಗಳು, ಮರಳಿನ ಪೆಟ್ಟಿಗೆ ಮೇಲೆ ಇದ್ದಿಲ ಒಲೆ ಇಟ್ಟು ಮಾಡಿದ ತೆಂಗಿನಹಾಲಿನ ಅನ್ನ ಮತ್ತು ಸುಟ್ಟ ಮೀನು, ಇಷ್ಟು ವಿಷಯ ಅದರಲ್ಲಿತ್ತು. ಅದಕ್ಕೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಹಳ ಪತ್ರಗಳು ಬಂದಿವೆ. ನನ್ನ ತವರು ಗಂಗೊಳ್ಳಿ. ಅಪ್ಪ ಮರದ ದೋಣಿ ಕಟ್ಟುವ ಮೇಸ್ತ್ರಿಯಾಗಿದ್ದರು. ಮದುವೆಯಾಗಿ ಸಕಲೇಶಪುರಕ್ಕೆ ಬಂದ ಮೇಲೆ ಇಲ್ಲಿ ಸಮುದ್ರದ ಮಾತು ಕೇಳುವವರು ಸಿಗುವುದೇ ಕಮ್ಮಿ. ಅದಕ್ಕೇ ಈ ಸಲ ಪೂರ್ತಿ ಅಂಕಣ ಹಾಯಿದೋಣಿಗೇ ಮೀಸಲು.

ಚಿಕ್ಕಮಗಳೂರಿನ ನಿವೃತ್ತ ಶಿಕ್ಷಕರು ಕೇಳಿದ್ದಾರೆ: ಮೇಡಂ, ನಾನು ಮತ್ತು ನನ್ನ ಹೆಂಡತಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಬಂದಿದ್ದೇವೆ. ಇಂಜಿನ್ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ನೀವು ಬರೆದಂಥ ಪ್ರಯಾಣ ನಮ್ಮ ಕರಾವಳಿಯಲ್ಲಿ ಸಿಗುತ್ತದೆಯೇ? ಇಲ್ಲ ಅಂದರೆ ಎಲ್ಲಿ ಸಿಗುತ್ತದೆ?

ಸರ್, ಎರಡು ಮೂರು ದಿನ ಹಾಯಿ ಬಿಚ್ಚಿಕೊಂಡು, ರಾತ್ರಿ ಲಂಗರು ಹಾಕಿ, ಪ್ರಯಾಣಿಕರಿಗೆ ದೋಣಿಯಲ್ಲೇ ಊಟ ಹಾಕಿ ಮಲಗಿಸುವ ಕಸುಬು ನಮ್ಮ ಕರಾವಳಿಯಲ್ಲಿ ಬೆಳೆಯಲಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಒಂದು ಕಾಲಕ್ಕೆ ಮಂಗಳೂರಿನ ಹಂಚು ಹೊತ್ತು ಮುಂಬೈ ಕಡೆ ಹೋಗುತ್ತಿದ್ದದ್ದು ನಮ್ಮ ಪತ್ತೆಮಾರಿಗಳೇ. ಆಮೇಲೆ ಲಾರಿ ಬಂತು, ನದಿಗಳಿಗೆ ಸೇತುವೆ ಬಂತು, ಕೊಂಕಣ ರೈಲು ಬಂತು. ಸರಕು ರಸ್ತೆಗೆ ಹೋಯಿತು, ಹಾಯಿ ಮೂಲೆಗೆ ಸೇರಿತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಈಗಲೂ ಇವೆ. ಮರದವೇ, ಆದರೆ ಓಡುವುದು ಡೀಸೆಲ್‌ನಲ್ಲಿ.

ಇದೇ ಕಷ್ಟ ಅಮೆರಿಕದ ಮೇಯ್ನ್ ರಾಜ್ಯಕ್ಕೂ ಬಂದಿತ್ತು. ಅಲ್ಲಿ ಇಟ್ಟಿಗೆ, ಸೌದೆ, ಕಲ್ಲು ಸಾಗಿಸುತ್ತಿದ್ದ ಸ್ಕೂನರ್ ಎಂಬ ಮರದ ಹಡಗುಗಳು ಕೆಲಸವಿಲ್ಲದೆ ಕೊಳೆಯುತ್ತಾ ನಿಂತಿದ್ದವು. 1936ರಲ್ಲಿ ಫ್ರಾಂಕ್ ಸ್ವಿಫ್ಟ್ ಎಂಬವರು ಸರಕಿನ ಬದಲು ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಶುರು ಮಾಡಿದರು. ಆ ಒಂದು ಯೋಚನೆಯಿಂದ ಎಷ್ಟೋ ಹಡಗು ಉಳಿದವು. ಸ್ಟೀಫನ್ ಟೇಬರ್, ಲೂಯಿಸ್ ಆರ್. ಫ್ರೆಂಚ್ ಎಂಬ ಎರಡು ಹಡಗುಗಳು ಕಟ್ಟಿದ್ದು 1871ರಲ್ಲಿ. ಇವತ್ತಿಗೂ ಬೇಸಿಗೆ ತಿಂಗಳುಗಳಲ್ಲಿ ಜನರನ್ನು ಕರೆದುಕೊಂಡು ಹೋಗುತ್ತವೆ. ಈ ಎರಡರ ಒಳಗೂ ಇಂಜಿನ್ ಇಲ್ಲ. ಗಾಳಿ ನಿಂತರೆ ಹಿಂದಿನಿಂದ ತಳ್ಳಲು ಒಂದು ಪುಟ್ಟ ಮೋಟಾರು ದೋಣಿ ಜೊತೆಗಿರುತ್ತದೆ. ಅಡುಗೆ ಸೌದೆ ಒಲೆಯಲ್ಲಿ. ಹಾಯಿ ಏರಿಸುವಾಗ ಪ್ರಯಾಣಿಕರೂ ಹಗ್ಗ ಹಿಡಿದು ಎಳೆಯಬಹುದು. ಸಾಲು ಸಾಲಾಗಿ ನಿಂತು ಗಂಡಸರು ಹೆಂಗಸರು ಎಲ್ಲ ಎಳೆಯುತ್ತಾರೆ. ಸರಕು ಹೋದರೂ ಕಸುಬು ಸಾಯಬೇಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಇಂಡೋನೇಷ್ಯಾದಲ್ಲಿ ಪಿನಿಸಿ ಹಡಗುಗಳಿವೆ. ದಕ್ಷಿಣ ಸುಲಾವೆಸಿಯ ತಾನಾ ಬೇರು ಎಂಬ ಊರಿನ ಸಮುದ್ರದ ದಡದಲ್ಲೇ ಇವನ್ನು ಕಟ್ಟುತ್ತಾರೆ. ಮೊದಲು ಹಲಗೆಗಳನ್ನು ಮರದ ಗೂಟದಿಂದ ಜೋಡಿಸಿ ಹೊರಮೈ ಮಾಡುತ್ತಾರೆ, ಆಮೇಲೆ ಒಳಗೆ ಪಕ್ಕೆಮರ ಕೂರಿಸುತ್ತಾರೆ. ಈ ವಿದ್ಯೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಲಾಬುವಾನ್ ಬಾಜೊ ಎಂಬ ಊರಿನಿಂದ ಕೊಮೊಡೊ ದ್ವೀಪಗಳಿಗೆ ಪಿನಿಸಿಯಲ್ಲೇ ಮಲಗಿ ಎದ್ದು ಹೋಗಿ ಬರಬಹುದು. ಹೆಚ್ಚಿನವಕ್ಕೆ ಇಂಜಿನ್ ಇದೆ, ಅದನ್ನು ತಿಳಿದೇ ಹೋಗಿ. ಟರ್ಕಿಯ ಬೋದ್ರುಮ್ ಕಡೆಯ ಗುಲೆಟ್ ದೋಣಿಗಳ ಕಥೆಯೂ ಅದೇ. ನೋಡಲು ಚೆಂದ, ಸೌಕರ್ಯ ಜಾಸ್ತಿ, ಹಾಯಿ ಬಿಚ್ಚುವುದು ಕಮ್ಮಿ.

ನಿಮಗೆ ಗಾಳಿಯ ಸದ್ದೇ ಬೇಕು ಅಂದರೆ ಲಾಮು. ಆದರೆ ಹೊರಡುವ ಮುಂಚೆ ಆ ಭಾಗದ ಬಗ್ಗೆ ಸರ್ಕಾರದ ಪ್ರಯಾಣ ಸೂಚನೆ ನೋಡಿಕೊಳ್ಳಿ. ಕೀನ್ಯಾಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಆ ಪತ್ರವಿಲ್ಲದೆ ವಾಪಸ್ ಬಂದರೆ ವಿಮಾನ ನಿಲ್ದಾಣದಲ್ಲೇ ತಡೆದು ಬೇರೆ ಇಡುತ್ತಾರೆ.

ಬೇಲೂರಿನ ವಕೀಲರೊಬ್ಬರು: ಜಾಹೀರಾತಿನಲ್ಲಿ ಎಲ್ಲಾ ದೋಣಿಗಳೂ ಸುಂದರವಾಗಿಯೇ ಕಾಣುತ್ತವೆ. ದುಡ್ಡು ಕೊಡುವ ಮುಂಚೆ ಏನು ಕೇಳಬೇಕು?

ಮೊದಲು ತಂಡೇಲ ಯಾರು ಅಂತ ಕೇಳಿ. ದೋಣಿಯ ಫೋಟೊ ಆಮೇಲೆ ನೋಡಿ. ನಾನು ಈ ಅಂಕಣದಲ್ಲಿ ಒಂದೇ ಒಂದು ಮಾತು ಹೇಳಬಹುದು ಅಂದರೆ ಅದನ್ನೇ ಹೇಳುತ್ತೇನೆ. ನೀವು ದುಡ್ಡು ಕೊಡುವುದು ಮರಕ್ಕಲ್ಲ, ಆ ಮರವನ್ನು ನಡೆಸುವ ಕೈಗಳಿಗೆ.

ಲಾಮುವಿನಲ್ಲಿ ನಮ್ಮ ತಂಡೇಲ ಹೇಳಿದ ಹೊತ್ತಿಗೆ ಹೊರಡಲಿಲ್ಲ. ದಡದಲ್ಲಿ ಕೂತು ನೀರು ನೋಡುತ್ತಿದ್ದ. ನಮ್ಮ ಜೊತೆ ಬಂದಿದ್ದ ಒಂದು ಜೋಡಿ ಗಡಿಯಾರ ನೋಡಿಕೊಂಡು ಸಿಡುಕುತ್ತಿತ್ತು. ನೀರು ಇನ್ನೂ ಏರಬೇಕು, ಈಗ ಹೋದರೆ ಹವಳದ ದಿಬ್ಬ ಅಡಿಗೆ ತಾಗುತ್ತದೆ ಅಂತ ಅವನು ಶಾಂತವಾಗಿ ಹೇಳಿದ. ಹೊರಟ ಮೇಲೆ ನೀರಿನ ಬಣ್ಣ ನೋಡಿಯೇ ದಾರಿ ಹಿಡಿಯುತ್ತಿದ್ದ. ತಿಳಿ ಹಸಿರು ಕಂಡರೆ ಕೈ ಎತ್ತುತ್ತಿದ್ದ, ಚುಕ್ಕಾಣಿಯಲ್ಲಿದ್ದ ಹುಡುಗ ತಿರುಗಿಸುತ್ತಿದ್ದ. ಇನ್ನೊಬ್ಬನ ಕೆಲಸ ಮರಳಿನ ಚೀಲಗಳದ್ದು. ದೋಣಿ ಒಂದು ಕಡೆ ವಾಲಿದ ಕೂಡಲೇ ಚೀಲಗಳನ್ನು ಎತ್ತಿ ಆ ಕಡೆಯಿಂದ ಈ ಕಡೆಗೆ ಹಾಕುತ್ತಿದ್ದ. ಯಾರೂ ಕೂಗಾಡಲಿಲ್ಲ. ಒಬ್ಬರ ಕಣ್ಣು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು. ಎಷ್ಟೋ ವರ್ಷ ಜೊತೆಯಲ್ಲಿ ದುಡಿದವರಲ್ಲಿ ಮಾತ್ರ ಅದು ಬರುವುದು.

ಇದಕ್ಕೆ ವಿರುದ್ಧವಾದದ್ದನ್ನೂ ನೋಡಿದ್ದೇನೆ. ಊರು ಬೇಡ, ಹೆಸರೂ ಬೇಡ. ಎತ್ತರದ ಕೂವೆಮರ (ಹಾಯಿ ಕಟ್ಟುವ ಕಂಬ), ಅಚ್ಚ ಬಿಳಿ ಹಾಯಿ, ಪಾಲಿಶ್ ಹಾಕಿದ ಹಲಗೆ. ಹೊರಟಾಗಿನಿಂದ ಇಳಿಯುವವರೆಗೂ ಇಂಜಿನ್. ಸೂರ್ಯ ಮುಳುಗುವಾಗ ಹಾಯಿಯನ್ನು ಮೇಲೇರಿಸಿದರು, ಎಲ್ಲರೂ ಫೋಟೊ ತೆಗೆದರು, ಮತ್ತೆ ಇಳಿಸಿದರು. ಖಲಾಸಿ ಹುಡುಗನನ್ನು ಮಾತಾಡಿಸಿದೆ. ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಹಾಯಿಯ ಹಗ್ಗ ಕಟ್ಟುವುದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನ ಕೈಗೆ ಬರಬೇಕಿದ್ದ ವಿದ್ಯೆಯನ್ನು ತಪ್ಪಿಸಿದವರ ಮೇಲೆ ಬಂತು.

ಹಾಗಾಗಿ ನೇರವಾಗಿ ಕೇಳಿ. ದಿನಕ್ಕೆ ಎಷ್ಟು ಹೊತ್ತು ಹಾಯಿಯಲ್ಲಿ ಹೋಗುತ್ತೀರಿ? ತಂಡೇಲ ಈ ನೀರಿನಲ್ಲಿ ಎಷ್ಟು ವರ್ಷದಿಂದ ಇದ್ದಾನೆ? ಗಾಳಿ ಕೆಟ್ಟರೆ ವಾಪಸ್ ತಿರುಗುವ ತೀರ್ಮಾನ ಅವನದೋ, ದಡದಲ್ಲಿ ಕೂತ ಮಾಲೀಕನದೋ? ಅವನದೇ ಅಂತ ಉತ್ತರ ಬಂದರೆ ಹತ್ತಿ. ಲೈಫ್ ಜಾಕೆಟ್ ಪ್ರತಿಯೊಬ್ಬರಿಗೂ ಇದೆಯೇ, ಮಕ್ಕಳ ಅಳತೆಯದು ಬೇರೆ ಇದೆಯೇ ಅಂತ ಕಣ್ಣಾರೆ ನೋಡಿ. ವಿಎಚ್‌ಎಫ್ ರೇಡಿಯೊ ಇರಬೇಕು. ಅಪಾಯದ ಕರೆಗೆ ಪ್ರಪಂಚದಾದ್ಯಂತ 16ನೇ ಚಾನೆಲ್. ಕೊನೆಗೆ, ಖಲಾಸಿಗಳಿಗೆ ಸಂಬಳ ಹೇಗೆ ಅಂತಲೂ ವಿಚಾರಿಸಿ. ಚೌಕಾಸಿ ಮಾಡಿ ಕಡಿಮೆ ಮಾಡಿಸಿದ ದುಡ್ಡು ಸಾಮಾನ್ಯವಾಗಿ ಅವರ ಪಾಲಿನಿಂದಲೇ ಹೋಗುತ್ತದೆ.

ಆಲೂರಿನ ಗೃಹಿಣಿ: ಅಕ್ಕಾ, ನನಗೆ ಶಿರಾಡಿ ಘಾಟಿ ಇಳಿಯುವಾಗಲೇ ವಾಂತಿ. ಈಜು ಬರಲ್ಲ. ಜೊತೆಗೆ ಅತ್ತೆಯವರೂ ಬರ್ತೀನಿ ಅಂತಾರೆ. ನಮ್ಮಂಥವರು ಹೋಗಬಹುದಾ? ಶೌಚಾಲಯದ ಗತಿ ಏನು?

ಹೋಗಬಹುದು ತಂಗಿ. ಆದರೆ ಮೊದಲ ಸಲಕ್ಕೇ ರಾತ್ರಿ ಉಳಿಯುವ ಪ್ರಯಾಣ ಬೇಡ. ಬೆಳಗ್ಗೆ ಹೋಗಿ ಮಧ್ಯಾಹ್ನ ಬರುವಂಥದ್ದು ನೋಡಿ. ಕೊಲ್ಲಿಯ ಒಳಗೆ, ದ್ವೀಪಗಳ ಮರೆಯಲ್ಲಿ ಹೋಗುವ ದಾರಿಯಾದರೆ ಅಲೆ ಕಡಿಮೆ.

ಕೂರುವುದು ದೋಣಿಯ ನಡುಭಾಗದಲ್ಲಿ. ಮುಂದೆ ಕೂತರೆ ಜಾಸ್ತಿ ಏಳುಬೀಳು. ಮೊಬೈಲ್ ನೋಡಬೇಡಿ, ದೂರದಲ್ಲಿ ಆಕಾಶ ನೀರು ಸೇರುವ ಗೆರೆ ನೋಡಿ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಎಣ್ಣೆ ತಿಂಡಿ ತಿಂದೂ ಹೋಗಬೇಡಿ. ನಮ್ಮಮ್ಮ ಅಪ್ಪನ ಜೊತೆ ದೋಣಿಯಲ್ಲಿ ಹೋಗುವಾಗ ಸೆರಗಿನ ತುದಿಯಲ್ಲಿ ಶುಂಠಿ ಚೂರು ಕಟ್ಟಿಕೊಂಡಿರುತ್ತಿದ್ದರು, ಅದು ನನಗೂ ಆಗಿಬರುತ್ತದೆ. ವಾಂತಿಯ ಮಾತ್ರೆ ತಗೊಳ್ಳುವುದಾದರೆ ಹತ್ತುವ ಮುಂಚೆಯೇ ತಗೋಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ತಗೊಂಡರೆ ಕೆಲಸ ಮಾಡುವುದು ಕಷ್ಟ. ಅತ್ತೆಯವರಿಗೆ ಬಿಪಿ, ಸಕ್ಕರೆ ಏನಾದರೂ ಇದ್ದರೆ ನಿಮ್ಮ ಡಾಕ್ಟರನ್ನು ಕೇಳಿಯೇ ಕೊಡಿ. ಒಂದು ವಿಷಯ ನಿಮಗೆ ಧೈರ್ಯ ಕೊಡಬಹುದು. ಹಾಯಿ ತುಂಬಿ ಒಂದು ಕಡೆ ವಾಲಿ ನಿಂತ ದೋಣಿ, ಇಂಜಿನ್ ನಿಲ್ಲಿಸಿ ಅಲೆಗೆ ಬಿಟ್ಟ ದೋಣಿಯಷ್ಟು ತೂಗಾಡುವುದಿಲ್ಲ. ಗಾಳಿಯೇ ಅದನ್ನು ಹಿಡಿದಿರುತ್ತದೆ. ಡೀಸೆಲ್ ವಾಸನೆಯೂ ಇಲ್ಲ. ಅರ್ಧ ವಾಂತಿ ಬರುವುದೇ ಆ ವಾಸನೆಗೆ, ಅಲ್ವಾ?

ಈಜು ಬರದಿದ್ದರೆ ನಾಚಿಕೆ ಬೇಡ, ಹತ್ತುವಾಗಲೇ ತಂಡೇಲನಿಗೆ ಹೇಳಿ. ಜಾಕೆಟ್ ಹಾಕಿಕೊಂಡೇ ಇರಿ, ಸೆಖೆ ಅಂತ ಬಿಚ್ಚಿ ಪಕ್ಕದಲ್ಲಿಡಬೇಡಿ. ಸೀರೆಗಿಂತ ಚೂಡಿದಾರ ವಾಸಿ. ಹತ್ತುವಾಗ ಎಷ್ಟೋ ಕಡೆ ಮೊಣಕಾಲು ನೀರಿನಲ್ಲಿ ನಡೆದು ಹೋಗಬೇಕು, ಅತ್ತೆಯವರ ಮಂಡಿ ನೋಡಿಕೊಂಡು ನಿರ್ಧಾರ ಮಾಡಿ.

ಶೌಚಾಲಯದ್ದು ಎಲ್ಲರೂ ಮುಜುಗರಪಟ್ಟು ಬಿಡುವ ಪ್ರಶ್ನೆ. ನೀವು ಕೇಳಿದ್ದು ಒಳ್ಳೆಯದಾಯಿತು. ದೊಡ್ಡ ಪಿನಿಸಿ, ಗುಲೆಟ್, ಸ್ಕೂನರ್‌ಗಳಲ್ಲಿ ಇರುತ್ತದೆ. ಲಾಮುವಿನ ಸಣ್ಣ ದೋಣಿಗಳಲ್ಲಿ ಇರುವುದಿಲ್ಲ, ದ್ವೀಪದಲ್ಲಿ ಇಳಿದಾಗಲೇ ಮುಗಿಸಿಕೊಳ್ಳಬೇಕು. ಹೆಂಗಸರು ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಿನಲ್ಲಿ ಹಾಗೆ ಮಾಡಬೇಡಿ. ಎಷ್ಟು ಹೊತ್ತಿಗೊಮ್ಮೆ ದಡ ಸಿಗುತ್ತದೆ ಅಂತ ಮೊದಲೇ ಕೇಳಿಕೊಂಡು ಹೊರಡಿ.

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿ: ಗಾಳಿ ಎದುರಿನಿಂದ ಬಂದರೆ ಇಂಜಿನ್ ಇಲ್ಲದ ದೋಣಿ ಮುಂದೆ ಹೋಗುವುದು ಹೇಗೆ?

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು ತಮ್ಮಾ. ಓರೆಯಾಗಿ ಹೋಗಬೇಕು. ಚಾರ್ಮಾಡಿ ರಸ್ತೆ ಬೆಟ್ಟವನ್ನು ನೇರ ಹತ್ತದೆ ತಿರುವು ತಿರುವಾಗಿ ಹತ್ತುತ್ತದಲ್ಲ, ಹಾಗೆ. ಸ್ವಲ್ಪ ದೂರ ಎಡಕ್ಕೆ, ಸ್ವಲ್ಪ ದೂರ ಬಲಕ್ಕೆ.

ಹಿಂದಿನಿಂದ ಬರುವ ಗಾಳಿ ಹಾಯಿಯನ್ನು ಸುಮ್ನೆ ತಳ್ಳುತ್ತದೆ. ಪಕ್ಕದಿಂದ ಬರುವ ಗಾಳಿಯ ಲೆಕ್ಕವೇ ಬೇರೆ. ಉಬ್ಬಿದ ಹಾಯಿಯ ಎರಡು ಮೈಗಳಲ್ಲಿ ಗಾಳಿಯ ಒತ್ತಡ ಬೇರೆ ಬೇರೆ ಆಗುತ್ತದೆ, ವಿಮಾನದ ರೆಕ್ಕೆಯಲ್ಲಿ ಆಗುವ ಹಾಗೆಯೇ. ಆ ಸೆಳೆತದಲ್ಲಿ ಒಂದು ಪಾಲು ದೋಣಿಯನ್ನು ಮುಂದಕ್ಕೆ ಎಳೆದರೆ ಇನ್ನೊಂದು ಪಾಲು ಪಕ್ಕಕ್ಕೆ ಎಳೆಯುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ನೀರಿನೊಳಗಿರುವ ಅಡಿತೊಲೆ ಮತ್ತು ದೋಣಿಯ ಮೈ. ಉಳಿಯುವುದು ಮುಂದಕ್ಕೆ ಹೋಗುವ ಬಲ.

ನಮ್ಮ ಸಮುದ್ರದ ಕಡೆ ಬಳಸಿದ್ದು ತ್ರಿಕೋನದ ಹಾಯಿ. ಗಿಡ್ಡ ಕೂವೆಮರ, ಅದಕ್ಕೆ ಓರೆಯಾಗಿ ನೇತುಹಾಕಿದ ಉದ್ದನೆ ಅಡ್ಡಮರ, ಅದಕ್ಕೆ ಹಾಯಿ. ದಿಕ್ಕು ಬದಲಿಸುವಾಗ ಇದರಲ್ಲಿ ಮೈಮುರಿಯುವ ಕೆಲಸ ಇದೆ. ದೊಡ್ಡ ದೋಣಿಗಳಲ್ಲಿ ಗಾಳಿಗೆ ಬೆನ್ನು ಕೊಟ್ಟು ತಿರುಗಿಸಿ, ಆ ಅಡ್ಡಮರವನ್ನೂ ಹಾಯಿಯನ್ನೂ ಕೂವೆಯ ಮುಂದಿನಿಂದ ಸುತ್ತಿಸಿ ಇನ್ನೊಂದು ಮಗ್ಗುಲಿಗೆ ತರಬೇಕು. ಗಾಳಿ ಜೋರಾಗಿದ್ದಾಗ ಒಬ್ಬ ಹಗ್ಗ ಬಿಟ್ಟರೂ ಮರ ತಿರುಗಿ ಯಾರನ್ನಾದರೂ ಹೊಡೆಯುತ್ತದೆ. ಖಲಾಸಿಗಳು ಯಾಕೆ ಮುಖ್ಯ ಅಂತ ಮೇಲೆ ಬರೆದದ್ದು ಇದಕ್ಕೇ.

ಇನ್ನೊಂದು ಜಾಣತನ ಗಾಳಿಯ ಹೊತ್ತು ತಿಳಿಯುವುದು. ಬಿಸಿಲೇರಿದಾಗ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೆ ಹೋದ ಜಾಗಕ್ಕೆ ಸಮುದ್ರದಿಂದ ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಗಂಗೊಳ್ಳಿಯ ಹಿರಿಯರು ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ಬೆಳಗಿನ ಜಾವ ನೆಲಗಾಳಿಯಲ್ಲಿ ಹೊರಗೆ ಹೋಗಿ, ಮಧ್ಯಾಹ್ನದ ಮೇಲೆ ಕಡಲಗಾಳಿಯಲ್ಲಿ ಮನೆಗೆ ಬರುತ್ತಿದ್ದರು. ಎರಡು ಕಡೆಗೂ ಗಾಳಿ ಬೆನ್ನಿಗೇ. ಒಂದು ತೊಟ್ಟು ಎಣ್ಣೆ ಸುಡದೆ ನಡೆದ ಲೆಕ್ಕಾಚಾರ ಇದು. ನೀವು ಎಂಜಿನಿಯರ್ ಆಗುವವರು ಇದನ್ನು ಗೌರವದಿಂದ ನೋಡಬೇಕು ಅನ್ನುವುದು ನನ್ನ ಆಸೆ.

ಮೂಡಿಗೆರೆಯ ಬೆಳೆಗಾರರು: ನಮ್ಮ ತೋಟದಲ್ಲಿ ಹಳೆಯ ಹೆಬ್ಬಲಸಿನ ಮರಗಳಿವೆ. ಹಡಗಿಗೆ ಇದೇ ಮರ ಅಂತ ಅಜ್ಜ ಹೇಳುತ್ತಿದ್ದರು. ನಿಜವೇ? ವ್ಯಾಪಾರಿಯೊಬ್ಬರು ಕೇಳುತ್ತಿದ್ದಾರೆ. ಕಡಿದು ಸಿಲ್ವರ್ ಓಕ್ ಹಾಕೋಣ ಅಂತ ಮಗನ ಯೋಚನೆ.

ಅಜ್ಜ ಹೇಳಿದ್ದು ಪೂರ್ತಿ ನಿಜ. ಕೇರಳದವರು ಆಂಜಿಲಿ ಅನ್ನುವುದು ಇದನ್ನೇ. ಉಪ್ಪುನೀರು ತಡೆಯುತ್ತದೆ, ಗೆದ್ದಲು ಬೇಗ ಹತ್ತುವುದಿಲ್ಲ, ಉದ್ದನೆ ಹಲಗೆ ಸಿಗುತ್ತದೆ. ಅಲೆಪ್ಪಿಯ ಕೆಟ್ಟುವಳ್ಳಂ ದೋಣಿಗಳ ಹಲಗೆ ಇದರದ್ದೇ. ಅವಕ್ಕೆ ಮೊಳೆ ಹೊಡೆಯುವುದಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹಲಗೆಗೆ ಹಲಗೆ ಹೊಲಿಯುತ್ತಾರೆ. 1980ರಲ್ಲಿ ಟಿಮ್ ಸೆವೆರಿನ್ ಎಂಬವರು ಒಮಾನ್‌ನಲ್ಲಿ ಸೊಹಾರ್ ಎಂಬ ಹೊಲಿದ ಹಾಯಿಹಡಗು ಕಟ್ಟಿಸಿದರು. ಅದರ ಮರ ಹೋದದ್ದು ಮಲಬಾರಿನಿಂದ, ಅದೂ ಇದೇ ಹೆಬ್ಬಲಸು. ಆ ಹಡಗು ಮಸ್ಕತ್ತಿನಿಂದ ಹೊರಟು 1981ರಲ್ಲಿ ಚೀನಾ ಮುಟ್ಟಿತು.

ಸಾಗುವಾನಿಯ ಕಥೆ ಇನ್ನೂ ದೊಡ್ಡದು. ಮಲಬಾರ್ ಸಾಗುವಾನಿಯಲ್ಲಿ 1817ರಲ್ಲಿ ಮುಂಬೈನಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ಕೂವೆಗೆ ಬೇಕಾದ ನೆಟ್ಟನೆಯ ಉದ್ದ ಮರಗಳೂ ನಮ್ಮ ಪಶ್ಚಿಮಘಟ್ಟದಿಂದಲೇ ಇಳಿಯುತ್ತಿದ್ದವು. ಸುರಹೊನ್ನೆ ಬಳಗದ ಆ ಮರಕ್ಕೆ ಬ್ರಿಟಿಷರು ಪೂನ್‌ಸ್ಪಾರ್ ಅನ್ನುತ್ತಿದ್ದರು. ಘಟ್ಟದ ಕಾಡು ಇಲ್ಲದೆ ಕಡಲಿನ ಹಡಗು ಇರುತ್ತಲೇ ಇರಲಿಲ್ಲ.

ಹೊಲಿದ ಹಡಗು ಈಗ ಮತ್ತೆ ಹುಟ್ಟಿದೆ. ಅಜಂತಾದ ಚಿತ್ರವೊಂದನ್ನು ನೋಡಿ ಗೋವಾದಲ್ಲಿ ಕಟ್ಟಿದ ಕೌಂಡಿನ್ಯ ಎಂಬ ಹಡಗನ್ನು ನೌಕಾಪಡೆ 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಸೇರಿಸಿಕೊಂಡಿತು. ಹೊಲಿಗೆಯ ಕೆಲಸ ನಡೆಸಿದವರು ಕೇರಳದ ಬಾಬು ಶಂಕರನ್ ಎಂಬ ಮೇಸ್ತ್ರಿ. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಪೋರ್‌ಬಂದರಿನಿಂದ ಹೊರಟು ಗಾಳಿಯ ಬಲದಲ್ಲೇ ಮಸ್ಕತ್ ತಲುಪಿತು. ಆ ಸುದ್ದಿ ನೋಡಿದ ದಿನ ನಾನು ಅಪ್ಪನ ಹಳೆಯ ಉಳಿಯನ್ನು ಹೊರಗೆ ತೆಗೆದು ಒರೆಸಿಟ್ಟೆ.

ಇನ್ನು ನಿಮ್ಮ ಮರಗಳ ಮಾತು. ಕಡಿಯಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗೂ ಇಲ್ಲ, ಅದು ಬೇರೆ. ನಾನು ಹೇಳುವುದು ಅನುಮತಿ ಸಿಕ್ಕರೂ ಕಡಿಯಬೇಡಿ ಅಂತ. ಕಾಫಿಗೆ ನೆರಳು, ಹಕ್ಕಿಗೆ ಹಣ್ಣು, ನೆಲಕ್ಕೆ ಎಲೆಗೊಬ್ಬರ, ಮಳೆಗಾಲದಲ್ಲಿ ನಿಮಗೆ ಹುರಿದ ಬೀಜ, ಇಷ್ಟೂ ಕೊಡುತ್ತಿರುವ ಮರದ ಜಾಗಕ್ಕೆ ಸಿಲ್ವರ್ ಓಕ್ ಬರಲಾರದು. ಒಳ್ಳೆಯ ಮೇಸ್ತ್ರಿ ಒಂದು ದೋಣಿಗೆ ಮರ ಆರಿಸುವಾಗ ಎಷ್ಟೋ ಮರ ಮುಟ್ಟಿ ನೋಡಿ ಬಿಟ್ಟು ಬರುತ್ತಾನೆ. ಅಪ್ಪ ತೋಟಗಳಿಗೆ ಬಂದಾಗ ಗಾಳಿಗೆ ಬಿದ್ದ ಮರ ಇದೆಯಾ ಅಂತಲೇ ಮೊದಲು ಕೇಳುತ್ತಿದ್ದರು. ನಿಮ್ಮಲ್ಲೂ ಮಳೆಗಾಲದಲ್ಲಿ ಯಾವುದಾದರೂ ಉರುಳಿದರೆ ಸೌದೆಗೆ ಹಾಕಬೇಡಿ. ಅನುಮತಿ ಪಡೆದು ಕರಾವಳಿಯ ದೋಣಿ ಮೇಸ್ತ್ರಿಯೊಬ್ಬರಿಗೆ ಹೇಳಿ ಕಳಿಸಿ.

ಅರಸೀಕೆರೆಯ ಒಂಬತ್ತನೇ ತರಗತಿ ಹುಡುಗಿ: ಮರದ ದೋಣಿ ನೀರಿನಲ್ಲೇ ಇದ್ದರೆ ಕೊಳೆಯುವುದಿಲ್ಲವಾ? ಮಳೆಗಾಲದಲ್ಲಿ ಏನು ಮಾಡುತ್ತಾರೆ?

ಒಳ್ಳೆಯ ಪ್ರಶ್ನೆ ಪುಟ್ಟಿ. ಮರವನ್ನು ಬೇಗ ಕೊಳೆಸುವುದು ಉಪ್ಪುನೀರಲ್ಲ, ಮಳೆನೀರು. ಅದಕ್ಕೇ ನಾವಿಕರು ಅಟ್ಟವನ್ನು, ಅಂದರೆ ಹಡಗಿನ ಮೇಲಿನ ಹಲಗೆ ನೆಲವನ್ನು, ಸಮುದ್ರದ ನೀರಿನಲ್ಲೇ ತೊಳೆಯುತ್ತಾರೆ. ಸಮುದ್ರದಲ್ಲಿ ಶತ್ರು ಬೇರೆ ಇದೆ. ಮರ ಕೊರೆಯುವ ಹಡಗುಹುಳ. ಹೆಸರು ಹುಳ, ಆದರೆ ಅದು ಕಪ್ಪೆಚಿಪ್ಪಿನ ಜಾತಿಯ ಪ್ರಾಣಿ.

ನಮ್ಮ ಕಡೆ ಮುಂಗಾರಿನಲ್ಲಿ ಸಮುದ್ರ ತುಂಬಾ ಕೆರಳಿರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಆ ಹೊತ್ತಿಗೆ ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಗರಿಯ ಮಾಡು ಹಾಕುತ್ತಿದ್ದರು. ಅಡಿ ಕೆರೆದು, ಹಲಗೆ ಸಂದಿನ ಹಳೆ ಹತ್ತಿ ತೆಗೆದು, ಎಣ್ಣೆ ಮತ್ತು ರಾಳ ಹಚ್ಚಿದ ಹೊಸ ಹತ್ತಿಯನ್ನು ಉಳಿಯಿಂದ ಬಡಿದು ತುಂಬುತ್ತಿದ್ದರು. ಮೇಲೆ ಮೀನೆಣ್ಣೆ ಬಳಿಯುತ್ತಿದ್ದರು. ಬೈಗೆ ಮೀನಿನ ಎಣ್ಣೆಯ ವಾಸನೆ ಮೂಗಿಗೆ ಬಂದರೆ ನನಗೆ ಇವತ್ತಿಗೂ ಖುಷಿ. ನಮ್ಮ ಕರಾವಳಿಗೆ ಹೋಗಿ ದೋಣಿ ಹತ್ತುವ ಆಸೆಯಿದ್ದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಚಿಕ್ಕಮಗಳೂರಿನ ಕಾಫಿ ಅಂಗಡಿಯವರು: ಮಾನ್ಸೂನ್ಡ್ ಮಲಬಾರ್ ಕಾಫಿಗೂ ಹಾಯಿಹಡಗಿಗೂ ಸಂಬಂಧ ಇದೆ ಅನ್ನುತ್ತಾರೆ. ನಂಬಬಹುದಾ?

ನಂಬಬಹುದು. ಬಾಬಾ ಬುಡನ್ ಅವರು ಯೆಮೆನ್‌ನ ಮೋಖಾದಿಂದ ಏಳು ಬೀಜ ತಂದರು ಅನ್ನುವ ಕಥೆ ನಿಮ್ಮ ಊರಿನವರಿಗೆ ನಾನು ಹೇಳಬೇಕಿಲ್ಲ. ಅವರು ಅರಬ್ಬೀ ಸಮುದ್ರ ದಾಟಿದ್ದು ಹಾಯಿಹಡಗಿನಲ್ಲೇ ಇರಬೇಕು, ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ.

ಆಮೇಲೆ ಕಾಫಿ ಇಲ್ಲಿಂದ ಯುರೋಪಿಗೆ ಹೋಗತೊಡಗಿತು. ಆಫ್ರಿಕಾದ ತುದಿ ಸುತ್ತಿ ಹೋಗುವ ಹಾಯಿಹಡಗಿಗೆ ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ಅಷ್ಟು ದಿನ ಹಡಗಿನ ಹೊಟ್ಟೆಯಲ್ಲಿ ತೇವದ ಗಾಳಿ ಕುಡಿದು ಹಸಿರು ಬೀಜ ಊದಿಕೊಂಡು ತಿಳಿಹಳದಿ ಆಗುತ್ತಿತ್ತು, ಹುಳಿ ಇಳಿಯುತ್ತಿತ್ತು. ಅಲ್ಲಿನವರ ನಾಲಿಗೆಗೆ ಆ ರುಚಿಯೇ ರೂಢಿಯಾಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಹಬೆಹಡಗುಗಳು ಬಂದವು, ಪ್ರಯಾಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ತಲುಪತೊಡಗಿತು, ಹಳೆ ರುಚಿ ಮಾಯವಾಯಿತು. ಹಾಯಿ ಕೊಡುತ್ತಿದ್ದ ರು‍ಚಿಯನ್ನು ಈಗ ಮಂಗಳೂರಿನ ಗೋದಾಮುಗಳಲ್ಲಿ ಬೇಕೆಂದೇ ತರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಣ್ಣಿನ ಸಮೇತ ಒಣಗಿಸಿದ ಚೆರಿ ಕಾಫಿಯ ಬೀಜವನ್ನು ಗಾಳಿಯಾಡುವ ಗೋದಾಮಿನಲ್ಲಿ ಹರಡಿ, ಆಗಾಗ ಕೈಯಾಡಿಸಿ, ಗೋಣಿಯಲ್ಲಿ ಸಡಿಲವಾಗಿ ತುಂಬಿ, ಮುಂಗಾರಿನ ಗಾಳಿ ಒಳಗೆ ಹಾಯುವ ಹಾಗೆ ಜೋಡಿಸಿಡುತ್ತಾರೆ. ಇದಕ್ಕೆ ಜಿಐ, ಅಂದರೆ ಇಂಥ ಪ್ರದೇಶದ್ದೇ ಅನ್ನುವ ಸರ್ಕಾರಿ ಗುರುತೂ ಇದೆ. ನಿಮ್ಮ ಅಂಗಡಿಗೆ ಬಂದವರಿಗೆ ಲೋಟ ಕೊಡುವಾಗ ಈ ಕಥೆಯನ್ನೂ ಹೇಳಿ, ಕೇಳುವ ಜನ ಇದ್ದಾರೆ.

ಕೊಪ್ಪದ ಓದುಗರು: ಪಿಯುಸಿ ಮುಗಿಸಿದ ನನ್ನ ಅಕ್ಕನ ಮಗನಿಗೆ ಹಾಯಿಹಡಗಿನಲ್ಲಿ ಕೆಲಸ ಮಾಡುವ ಹುಚ್ಚು. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಏನು ಹೇಳಲಿ?

ಆಸೆ ಇದ್ದರೆ ಕಲಿಯಲು ಬಿಡಿ ಅಂತ ಹೇಳಿ. ಮಲೆನಾಡಿನ ಹುಡುಗನಿಗೆ ಸಮುದ್ರ ಯಾಕೆ ಅನ್ನುವ ಮಾತು ಬೇಡ. ಮಳೆಯಲ್ಲಿ ದುಡಿದು, ಮರ ಹತ್ತಿ, ಹಗ್ಗ ಕಟ್ಟಿ ಬೆಳೆದ ಮಕ್ಕಳಿಗೆ ಈ ಕೆಲಸದ ಅರ್ಧ ಪಾಠ ಆಗಲೇ ಬಂದಿರುತ್ತದೆ.

ಮೊದಲು ಈಜು ಕಲಿಯಲಿ. ತುಂಗೆಯ ಈಜು ಸಾಲದು, ಅಲೆಯಲ್ಲಿ ಈಜಲು ಬರಬೇಕು. ಡಿಗ್ರಿಗೆ ಮಂಗಳೂರು ಕಡೆ ಸೇರುವುದಾದರೆ ಎನ್‌ಸಿಸಿ ನೌಕಾ ವಿಭಾಗ ಇರುವ ಕಾಲೇಜು ನೋಡಲಿ. ಅಲ್ಲಿ ಹುಟ್ಟು ಹಾಕುವುದು, ಹಾಯಿ ನಡೆಸುವುದು, ಗಂಟು ಕಟ್ಟುವುದು ಕಲಿಸುತ್ತಾರೆ. ನೌಕಾಪಡೆಗೆ ತರಂಗಿಣಿ, ಸುದರ್ಶಿನಿ ಎಂಬ ಎರಡು ಹಾಯಿ ತರಬೇತಿ ಹಡಗುಗಳಿವೆ. ಮೈ ಉಕ್ಕಿನದು, ಆದರೆ ಹಾಯಿ ಹಾಯಿಯೇ. ತರಂಗಿಣಿ 1997ರಲ್ಲಿ ಸೇವೆಗೆ ಬಂತು, ಆಮೇಲೆ ಪ್ರಪಂಚವನ್ನೇ ಸುತ್ತಿ ಬಂತು. ಪಡೆ ಸೇರಿದರೆ ಅದರಲ್ಲಿ ಹೋಗುವ ಅವಕಾಶ ಉಂಟು. ವಾಣಿಜ್ಯ ಹಡಗಿನ ದಾರಿ ಹಿಡಿಯುವುದಾದರೆ ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆಯಲ್ಲೇ ತರಬೇತಿ ಪಡೆದು ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ ಮಾಡಿಸಿಕೊಳ್ಳಬೇಕು. ದುಡ್ಡು ಕೊಟ್ಟರೆ ನೇರ ಕೆಲಸ ಅನ್ನುವ ಏಜೆಂಟರ ಹತ್ತಿರ ಹೋಗುವುದೇ ಬೇಡ. ಆ ಮೋಸದಲ್ಲಿ ಜಮೀನು ಕಳೆದುಕೊಂಡ ಮನೆಯನ್ನು ನಾನು ಹತ್ತಿರದಿಂದ ಬಲ್ಲೆ.

ಮೇಯ್ನ್‌ನಂಥ ಕಡೆ ಹಾಯಿಹಡಗಿನವರು ಹೊಸಬರನ್ನು ಒಂದು ಋತುವಿಗೆ ಸೇರಿಸಿಕೊಂಡು ಕೆಲಸ ಮಾಡುತ್ತಲೇ ಕಲಿಸುತ್ತಾರೆ. ಬೆಳಗ್ಗೆ ಎದ್ದು ಅಟ್ಟ ತೊಳೆಯುವುದು, ಒಲೆಗೆ ಸೌದೆ ಒಡೆಯುವುದು, ಆಲೂಗೆಡ್ಡೆ ಸುಲಿಯುವುದು ಶುರುವಿನ ಪಾಠ. ನಮ್ಮಲ್ಲೂ ಹಾಗೇ ಇತ್ತು. ಹುಡುಗ ಮೊದಲು ಭಂಡಾರಿಯ ಕೈಕೆಳಗೆ ಅಡುಗೆಗೆ ಸೇರುತ್ತಿದ್ದ, ಆಮೇಲೆ ಖಲಾಸಿ, ಎಷ್ಟೋ ವರ್ಷದ ಮೇಲೆ ತಂಡೇಲ. ಬರುವ ರಜೆಯಲ್ಲಿ ಅವನನ್ನು ಗಂಗೊಳ್ಳಿಗೆ ಕಳಿಸುವುದಾದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅಪ್ಪನ ಜೊತೆ ಕೆಲಸ ಮಾಡಿದ ಮೇಸ್ತ್ರಿಯೊಬ್ಬರು ಇನ್ನೂ ಗಟ್ಟಿಯಾಗಿದ್ದಾರೆ. ಹಲಗೆ ಸಂದಿಗೆ ಹತ್ತಿ ಬಡಿಯುವುದರಿಂದ ಶುರು ಮಾಡಿಸುತ್ತಾರೆ. ಆ ಕೆಲಸ ಒಂದು ವಾರ ಮಾಡಿಯೂ ಅವನ ಆಸೆ ಹಾಗೇ ಇದ್ದರೆ ಮನೆಯವರ ಹತ್ತಿರ ನಾನೇ ಬಂದು ಮಾತಾಡುತ್ತೇನೆ.